ಮರ ಕಡಿಯಲ್ಲ, ಬೇರು ಮಾತ್ರ ತೆಗೀತೀವಿ ಅಂದರೆ?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಹಳೇ ಬಡಾವಣೆಯಲ್ಲಿ. ನಮ್ಮ ಬೀದಿಗೆ ವೈಟ್‌ಟಾಪಿಂಗ್ (ಡಾಂಬರು ರಸ್ತೆಗೆ ಕಾಂಕ್ರೀಟ್ ಹಾಸುವುದು), ಹೊಸ ಫುಟ್‌ಪಾತ್ ಬರುತ್ತಿದೆ. ಎರಡೂ ಬದಿ ದೊಡ್ಡ ಮಳೆಮರ, ಹೊಂಗೆಮರಗಳಿವೆ. "ಒಂದು ಮರಾನೂ ಕಡಿಯಲ್ಲ, ಅಡ್ಡ ಬಂದ ಬೇರು ಸ್ವಲ್ಪ ತೆಗೀತೀವಿ ಅಷ್ಟೇ" ಎಂದು ಎಂಜಿನಿಯರ್ ಹೇಳಿದ್ದಾರೆ. ನಂಬಿ ಸುಮ್ಮನಿರಬಹುದಾ?

ಉತ್ತರ: ಬೇಡ. ರಸ್ತೆ ಕೆಲಸದಲ್ಲಿ ಮರಕ್ಕೆ ಗರಗಸಕ್ಕಿಂತ ಜಾಸ್ತಿ ಅಪಾಯ ಜೆಸಿಬಿಯ ಬಕೆಟ್‌ನಿಂದ. ನೀರು, ಗೊಬ್ಬರ ಹೀರುವ ಬೇರುಗಳು ಬಹುಪಾಲು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಅವು ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಬುಡದ ಪಕ್ಕದಲ್ಲೇ ಉದ್ದಕ್ಕೆ ಗುಂಡಿ ತೋಡಿದರೆ ಆ ಬದಿಯ ಬೇರೆಲ್ಲ ಹೋಯಿತು. ಮರ ಮರುದಿನವೇ ಬಾಡುವುದಿಲ್ಲ. ಎರಡು ಮೂರು ವರ್ಷ ಹಸಿರಾಗೇ ನಿಂತು, ಒಂದು ಏಪ್ರಿಲ್ ಸಂಜೆ ಗಾಳಿಮಳೆಗೆ ಕಾರಿನ ಮೇಲೆ ಬೀಳಬಹುದು. ಆಗ ಎಲ್ಲರೂ ಬೈಯುವುದು ಗಾಳಿಯನ್ನು, ಇಲ್ಲವೇ ಮರವನ್ನು. ಗುಂಡಿ ತೋಡಿದವರು ಯಾರಿಗೂ ನೆನಪಿರುವುದಿಲ್ಲ.

ಎಷ್ಟು ದೂರ ಬಿಡಬೇಕು? ಬ್ರಿಟನ್ನಿನ ಬಿಎಸ್ 5837 ಮಾನದಂಡದಲ್ಲಿ ಸುಲಭದ ಲೆಕ್ಕ ಇದೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ (ವ್ಯಾಸ) ಎಷ್ಟೋ ಅದರ 12 ಪಟ್ಟು ದೂರ. ಟೇಪ್ ಸುತ್ತಿ ಎರಡು ಮೀಟರ್ ಬಂದರೆ ಸುಮಾರು ಏಳೂವರೆ ಮೀಟರ್. ನಮ್ಮ ಬೀದಿಗಳಲ್ಲಿ ಅಷ್ಟು ಬಿಟ್ಟರೆ ರಸ್ತೆಯೇ ಉಳಿಯಲ್ಲ, ಅಲ್ವಾ? ಹಾಗಾಗಿ ಅದನ್ನು ಅಗೆಯಲೇಬಾರದ ಜಾಗ ಅಂದುಕೊಳ್ಳಬೇಡಿ. ಅದರೊಳಗೆ ಯಂತ್ರ ಬೇಡ, ಕೈಯಲ್ಲೇ ಅಗೆಯಿರಿ ಎಂದು ಕೇಳಿ. ಎರಡೂವರೆ ಸೆಂಟಿಮೀಟರ್‌ಗಿಂತ ದಪ್ಪದ ಬೇರು ಸಿಕ್ಕರೆ ಮರ ಬಲ್ಲವರು ನೋಡದೆ ಕತ್ತರಿಸಬಾರದು.

ಆದರೆ ಅಗೆಯುವ ದಿನ ಜಗಳಕ್ಕೆ ಹೋದರೆ ತಡವಾಗಿರುತ್ತದೆ. ಮರದ ಹಣೆಬರಹ ಬರೆಯುವುದು ಡ್ರಾಯಿಂಗ್‌ನಲ್ಲಿ. ಟೆಂಡರ್‌ಶ್ಯೂರ್ ಮಾದರಿಯ ರಸ್ತೆಗಳನ್ನೇ ನೋಡಿ. ಪದೇ ಪದೇ ರಸ್ತೆ ಅಗೆಯುವುದು ತಪ್ಪಲಿ ಎಂದು ಕೇಬಲ್, ಪೈಪ್‌ಗಳನ್ನು ಫುಟ್‌ಪಾತ್ ಕೆಳಗೆ ತಂದರು. ಒಳ್ಳೆಯ ಯೋಚನೆಯೇ. ಆದರೆ ನಮ್ಮ ಮರಗಳು ನಿಂತಿರುವುದೂ ಅಲ್ಲೇ. ಆದ್ದರಿಂದ ಕ್ರಾಸ್ ಸೆಕ್ಷನ್ ಡ್ರಾಯಿಂಗ್ (ರಸ್ತೆಯನ್ನು ಅಡ್ಡಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ಕೇಳಿ ಪಡೆಯಿರಿ. ಪ್ರತಿ ಮರವನ್ನೂ ಅದರಲ್ಲಿ ಗುರುತಿಸಿದ್ದಾರಾ? ಮರ ಬಂದ ಕಡೆ ಪೈಪ್ ಸಾಲು ಪಕ್ಕಕ್ಕೆ ತಿರುಗುತ್ತದಾ? ತಿರುಗಿಸಲು ಜಾಗವಿಲ್ಲದಿದ್ದರೆ ಬೇರಿನ ಕೆಳಗೆ ಅಡ್ಡಲಾಗಿ ಡ್ರಿಲ್ ಮಾಡಿ ಕೇಬಲ್ ಎಳೆಯಬಹುದು. ಊರ ತುಂಬ ಕೇಬಲ್‌ನವರು ಇದನ್ನೇ ಮಾಡುತ್ತಾರೆ. ಒಂದೆರಡು ಕಾರಿನ ಪಾರ್ಕಿಂಗ್ ಬಿಟ್ಟುಕೊಟ್ಟು, ಕರ್ಬ್ ಕಲ್ಲನ್ನು ಮರದ ಸುತ್ತ ಬಳಸಿ ತಂದರೂ ಆಯಿತು. ಬೀದಿಯವರು ಮೊದಲು ಮುನಿಸಿಕೊಳ್ಳುವುದು ಈ ಪಾರ್ಕಿಂಗ್ ವಿಷಯಕ್ಕೇ. ಅದನ್ನು ನೀವು ನೀವೇ ಮೊದಲು ಮಾತಾಡಿಕೊಳ್ಳಿ.

ಇನ್ನೊಂದು, ಮಟ್ಟ. ಹಳೇ ಡಾಂಬರಿನ ಮೇಲೇ ಕಾಂಕ್ರೀಟ್ ಹಾಕಿದರೆ ರಸ್ತೆ ಏರುತ್ತದೆ, ಫುಟ್‌ಪಾತೂ ಏರುತ್ತದೆ, ಬುಡಕ್ಕೆ ಮಣ್ಣು ತುಂಬುತ್ತಾರೆ. ತೊಗಟೆ ತೇವದಲ್ಲಿ ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಬುಡದ ಮಟ್ಟ ಈಗಿರುವಂತೆಯೇ ಇರಲಿ ಎಂದು ಬರಹದಲ್ಲಿ ಕೇಳಿ. ಸಿಮೆಂಟ್ ನೀರನ್ನು ಮರದ ಪಾತಿಗೆ ಚೆಲ್ಲಬಾರದು ಎಂಬುದೂ ಅದರಲ್ಲೇ ಇರಲಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಾದರೆ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಒಂದೇ ಕಾಮಗಾರಿಯನ್ನು ತುಂಡು ತುಂಡು ಮಾಡಿ ಲೆಕ್ಕ 50ರ ಒಳಗೇ ಇರುವಂತೆ ತೋರಿಸುತ್ತಿದ್ದಾರಾ, ಅದರ ಮೇಲೊಂದು ಕಣ್ಣಿಡಿ. ಕೆಲಸ ಶುರುವಾಗುವ ಮುಂಚೆಯೇ ಪ್ರತಿ ಮರದ ಫೋಟೋ, ಸುತ್ತಳತೆ ದಾಖಲಿಸಿ ಪಾಲಿಕೆಯ ಅರಣ್ಯ ವಿಭಾಗಕ್ಕೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. "ಈ ಮರ ಮೊದಲೇ ಟೊಳ್ಳಾಗಿತ್ತು" ಎಂಬ ಮಾತು ಆಮೇಲೆ ಬಂದರೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಪ್ರಶ್ನೆ: ನಮ್ಮಲ್ಲಿ ಕೆಲಸ ಮುಗಿದೇ ಹೋಗಿದೆ. ಕಾಂಡಕ್ಕೆ ಅಂಟಿಕೊಂಡಂತೆ ಕಾಂಕ್ರೀಟ್ ಹಾಕಿದ್ದಾರೆ. ಒಡೆಸಬಹುದಾ?

ಉತ್ತರ: ಖಂಡಿತ ಒಡೆಸಬಹುದು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ನಿಮ್ಮ ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ. ನೀವೇ ಒಡೆಯಲು ಹೋಗಬೇಡಿ, ಪಾಲಿಕೆಯಿಂದಲೇ ಮಾಡಿಸಿ. ಬ್ರೇಕರ್ ಮೆಷಿನ್ ಬೇಡ, ಉಳಿ ಸುತ್ತಿಗೆಯಲ್ಲಿ ನಿಧಾನವಾಗಿ ಬಿಡಿಸಲಿ. ಆಮೇಲೆ ಮಣ್ಣನ್ನು ಆಳವಾಗಿ ಕೆದಕಬೇಡಿ. ಒಣ ಎಲೆಯನ್ನು ಮೂರು ಬೆರಳು ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಚೆನ್ನಾಗಿ ನೀರು ಕೊಡಿ. ಮುಂಗಾರಿಗೆ ಮುಂಚೆ ಬುಡದ ಮಣ್ಣಿನಲ್ಲಿ ಹೊಸ ಬಿರುಕು ಕಂಡರೆ, ಅಥವಾ ಮರ ವಾಲಿದಂತೆ ಅನಿಸಿದರೆ ಕಾಯಬೇಡಿ, ಅರಣ್ಯ ವಿಭಾಗದವರನ್ನು ಕರೆಸಿ. ಮರ ಉಳಿಸಲು ಹೊರಟವರೇ ಕೆಲವೊಮ್ಮೆ ಅಪಾಯದ ಒಂದು ಮರ ತೆಗೆಯಲು ಒಪ್ಪಬೇಕಾಗುತ್ತದೆ.