ಒಂದು ಕಿಲೋ ಪಾಚಿಗೆ 2000 ಲೀಟರ್ ನೀರು

ನಮಸ್ಕಾರ,

ಕೊಳಚೆ ನೀರಲ್ಲಿ ಪಾಚಿ ಬೆಳೆಸಿ ಡೀಸೆಲ್ ಮಾಡುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲ ಪುಟ ಪೂರ್ತಿ ತೆಗೆದುಬಿಡಿ. ಭೂಮಿ ಬಿಸಿಯಾಗುತ್ತಿದೆ ಅನ್ನುವುದು ಓದುಗರಿಗೆ ಗೊತ್ತು. ನಿಮ್ಮ ಲೇಖನ ನಿಜಕ್ಕೂ ಶುರುವಾಗುವುದು ಎರಡನೇ ಪುಟದ ಕೊಳದಲ್ಲಿ. ಮೊಣಕಾಲು ಮುಳುಗದಷ್ಟು ನೀರು, ನಿಧಾನವಾಗಿ ಅದನ್ನು ತಳ್ಳುವ ಚಕ್ರ. ಬ್ಯಾಕ್ಟೀರಿಯಾ ಕೊಳೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಪಾಚಿ ಅದನ್ನು ಹೀರಿ ಆಮ್ಲಜನಕ ಕೊಡುತ್ತದೆ. ಇದನ್ನು ಚೆನ್ನಾಗಿ ಬರೆದಿದ್ದೀರಿ. "ಇತ್ತೀಚಿನ ಆವಿಷ್ಕಾರ" ಅನ್ನಬೇಡಿ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ವಿಜ್ಞಾನಿ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲೇ ಈ ಕೊಳಗಳ ಹಿಂದೆ ಬಿದ್ದಿದ್ದರು.

ಈಗ ನನ್ನ ದೊಡ್ಡ ತಕರಾರು. "ನಂತರ ಪಾಚಿಯನ್ನು ಬೇರ್ಪಡಿಸಲಾಗುತ್ತದೆ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಅಲ್ರೀ, ಕಷ್ಟವೆಲ್ಲ ಇರುವುದೇ ಆ ಸಾಲಲ್ಲಿ! ಒಂದು ಲೀಟರ್ ಕೊಳದ ನೀರಲ್ಲಿ ಒಣ ಲೆಕ್ಕದ ಪಾಚಿ ಸುಮಾರು ಅರ್ಧ ಗ್ರಾಂ. ಅಂದರೆ ಒಂದು ಕಿಲೋಗೆ 2000 ಲೀಟರ್ ನೀರಿನ ಜೊತೆ ಗುದ್ದಾಡಬೇಕು. ಬಟ್ಟೆಯಲ್ಲಿ ಸೋಸೋಣ ಅಂದರೆ ಆ ಸಣ್ಣ ಕಣಗಳು ನಿಲ್ಲುವುದಿಲ್ಲ. ಪೂರ್ತಿ ಒಣಗಿಸಲು ಹೋದರೆ ಮುಂದೆ ಸಿಗುವ ಶಕ್ತಿಯ ದೊಡ್ಡ ಪಾಲು ಅಲ್ಲೇ ಕರಗುತ್ತದೆ.

ಇನ್ನೊಂದು. ಕೊಳಚೆಯಲ್ಲಿ ಸಾರಜನಕ ಜಾಸ್ತಿ ಅನ್ನುತ್ತೀರಿ, ಮುಂದಿನ ಪುಟದಲ್ಲಿ ಪಾಚಿಯ ಅರ್ಧ ತೂಕ ಎಣ್ಣೆಯೇ ಅನ್ನುತ್ತೀರಿ. ಎರಡೂ ಒಟ್ಟಿಗೆ ಹೊಂದುವುದಿಲ್ಲ. ಸಾಮಾನ್ಯವಾಗಿ ಪಾಚಿ ಎಣ್ಣೆ ಕೂಡಿಡುವುದು ಸಾರಜನಕ ಸಿಗದೆ ಒದ್ದಾಡುವಾಗ. ಆಗ ಅದರ ಬೆಳವಣಿಗೆಯೂ ಕುಂಠಿತವಾಗುತ್ತದೆ.

ಅದಕ್ಕೇ ಒದ್ದೆ ಪಾಚಿಯನ್ನೇ ಭಾರೀ ಒತ್ತಡದಲ್ಲಿ 300ರಿಂದ 350 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುವ ದಾರಿ ಇದೆ. ಬರೇ ಎಣ್ಣೆಯಲ್ಲ, ಪ್ರೋಟೀನೂ ಕಚ್ಚಾತೈಲವಾಗುತ್ತದೆ. ಇದರ ಸುದ್ದಿಯೇ ನಿಮ್ಮಲ್ಲಿಲ್ಲ. ಗೊಬ್ಬರದ ಕತೆಯೂ ಇಲ್ಲೇ ಸಿಗುತ್ತದೆ. ಎಂಜಿನ್‌ಗೆ ಬೇಕಾದ್ದು ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕ ಅದಕ್ಕೆ ಬೇಡ, ಕೊಳದ ಪಾಚಿಗೆ ಗೊಬ್ಬರವಾಗಿ ಬೇಕು. ಬೇಯಿಸಿ ಉಳಿದ ನೀರಲ್ಲಿ ಸಾರಜನಕ ಸಾಕಷ್ಟಿರುತ್ತದೆ, ರಂಜಕ ಹೆಚ್ಚಾಗಿ ತಳದ ಗಸಿಯಲ್ಲಿ. ಆದರೆ ಆ ನೀರನ್ನು ಹಾಗೇ ಕೊಳಕ್ಕೆ ಸುರಿದರೆ ಪಾಚಿ ಸೊರಗುತ್ತದೆ, ತೆಳುಮಾಡಬೇಕು. ಸ್ವಲ್ಪ ಸಾರಜನಕ ತೈಲಕ್ಕೂ ಸೇರಿಕೊಂಡು ಸಂಸ್ಕರಣೆಯ ಕೆಲಸ ಹೆಚ್ಚಿಸುತ್ತದೆ. ನೀವು "ಚಕ್ರ ಪೂರ್ಣಗೊಳ್ಳುತ್ತದೆ" ಅಂತ ಸುಮ್ನೆ ದಾಟಿಬಿಟ್ಟಿದ್ದೀರಿ. ಗೊಬ್ಬರ ಎಲ್ಲೆಲ್ಲಿ ಸೋರುತ್ತದೆ ಅಂತ ಹೇಳಿ, ಓದುಗ ನಂಬುತ್ತಾನೆ.

ತಿದ್ದಿದ ಪ್ರತಿಯಲ್ಲಿ ಆ 2000 ಲೀಟರ್‌ಗೆ ಕಡಿಮೆಯೆಂದರೂ ಒಂದು ಪುಟ ಕೊಡಿ. ಕೊನೆಯ ಕವನ ಬೇಡ.

ಇಂತಿ,
ಸಂಪಾದಕ