ಠಾಕೂರರದ್ದೆನ್ನುವ ಬರವಣಿಗೆ ಪೆಟ್ಟಿಗೆಗೆ ಎರಡು ಬೆಲೆ ಏಕೆ?

ಕಾರವಾರದ ನಿಮ್ಮ ಮನೆಯ ಬೀಟೆ ಮರದ ಪೆಟ್ಟಿಗೆಗೆ ಒಬ್ಬ ವ್ಯಾಪಾರಿ ಮರದ ಬೆಲೆಯನ್ನಷ್ಟೇ ಹೇಳಿ, ಇನ್ನೊಬ್ಬರು ‘ರವೀಂದ್ರನಾಥ ಠಾಕೂರರದ್ದೆಂಬ ದಾಖಲೆ ಕೊಟ್ಟರೆ’ ಹಲವು ಪಟ್ಟು ಕೊಡುವೆನೆಂದದ್ದಕ್ಕೆ ಕಾರಣ ಬಹುಶಃ ಇದು: ಸಂಗ್ರಾಹಕರು ಹಣ ಕೊಡುವುದು ದೊಡ್ಡವರ ಕೈ ಮುಟ್ಟಿದ ನಂಟಿಗೆ, ಆ ನಂಟಿಗೆ ಪುರಾವೆ ಇಲ್ಲದಿದ್ದರೆ ಉಳಿಯುವುದು ಮರದ ಬೆಲೆ ಮಾತ್ರ. ಗಾಂಧೀಜಿಯವರದ್ದೆನ್ನಲಾದ ಕನ್ನಡಕವೊಂದು 2020ರಲ್ಲಿ ಬ್ರಿಸ್ಟಲ್‌ನಲ್ಲಿ 2,60,000 ಪೌಂಡಿಗೆ ಹರಾಜಾದದ್ದು ಈ ನಂಟಿನಿಂದಲೇ.

ಮೊದಲನೆಯದಾಗಿ, ಪೆಟ್ಟಿಗೆಗೆ ಪಾಲಿಶ್ ಮಾಡಿಸಬೇಡಿ. ಮುಚ್ಚಳದ ಒಳಗಿನ ಶಾಯಿಯ ಕಲೆ, ಬೆರಳು ತಾಗಿ ಸವೆದ ಅಂಚು, ಇವೇ ಅದರ ಸಾಕ್ಷಿ. ಶಿರಸಿಯ ನಮ್ಮ ಮನೆಯಲ್ಲಿದ್ದ ಹೆಸರಾಂತ ಯಕ್ಷಗಾನ ಕಲಾವಿದರೊಬ್ಬರ ಗೆಜ್ಜೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿದ ಮೇಲೆ, ನೋಡಲು ಬಂದವರು ಅದನ್ನು ಕೈಗೂ ಎತ್ತಿಕೊಳ್ಳದೆ ಮರಳಿದ್ದು ನನಗೆ ಇಂದಿಗೂ ನೋವು.

ನಂತರ, ಪೆಟ್ಟಿಗೆ ಯಾರಿಂದ ಯಾರಿಗೆ ಬಂತೆಂಬುದನ್ನು ಮನೆಯ ಹಿರಿಯರ ಮಾತಿನಲ್ಲೇ ಬರೆದು, ದಿನಾಂಕ ಹಾಕಿ, ಸಹಿ ಪಡೆಯಿರಿ. ಠಾಕೂರರು 1883ರಲ್ಲಿ ಕಾರವಾರದಲ್ಲಿದ್ದದ್ದು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ; ಆದ್ದರಿಂದ ನಿಮ್ಮ ಹಿರಿಯರಿಗೆ ಆ ಬಂಗಲೆಯೊಡನೆ ಸಂಬಂಧವಿತ್ತೆಂದು ತೋರಿಸುವ ಪತ್ರವನ್ನೋ ಸಂಬಳದ ಚೀಟಿಯನ್ನೋ ಹುಡುಕಿ. ಅದು ಸಿಕ್ಕರೂ ಪೆಟ್ಟಿಗೆ ಅಣ್ಣನದೋ ತಮ್ಮನದೋ ಎಂದು ಖಚಿತವಾಗಿ ಹೇಳಲು ನನಗೆ ಆಗದು.

ನೂರು ವರ್ಷ ದಾಟಿದ ಕಲಾಕುಶಲ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವುದನ್ನು 1972ರ ಪ್ರಾಚ್ಯವಸ್ತು ಕಾಯ್ದೆ ನಿಷೇಧಿಸುತ್ತದೆ. ಮುಂಗಡ ಪಡೆಯುವ ಮೊದಲು ಕೊಳ್ಳುವ ವ್ಯಾಪಾರಿಯ ಪರವಾನಗಿಯನ್ನು ನೋಡಿ, ಪ್ರಾಚ್ಯವಸ್ತು ನೋಂದಣಿ ಅಧಿಕಾರಿಗೆ ಪೆಟ್ಟಿಗೆಯ ಫೋಟೊ ತೋರಿಸಿ.