ಗಾಳಿ ಫ್ಯಾನೋ, ಸೋಲಾರೋ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮೂರು ಕಪ್ಪತಗುಡ್ಡದ ಹತ್ತಿರ. ಗುಡ್ಡದ ಕಡೆ ನೋಡಿದರೆ ಬರೀ ಗಾಳಿ ಫ್ಯಾನು. ಈಗ ಸೋಲಾರ್ ಹಾಕೋಕೆ ಹೊಲ ಬಾಡಿಗೆಗೆ ಕೇಳುತ್ತಿದ್ದಾರೆ. ನಾನು ಫ್ಯಾನೇ ವಾಸಿ ಅಂತೀನಿ, ತಮ್ಮ ಸೋಲಾರ್ ಅಂತಾನೆ. ಯಾರು ಸರಿ?
– ಓದುಗರು, ಗದಗ ಜಿಲ್ಲೆ

ಉತ್ತರ: ಯಾವ ತಿಂಗಳಲ್ಲಿ ಜಗಳ ಆಡುತ್ತೀರಿ ಅನ್ನೋದರ ಮೇಲಿದೆ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆದರೆ ಗೆಲುವು ನಿಮ್ಮದೇ. ಮುಂಗಾರಿನ ಗಾಳಿ ನಿಮ್ಮ ಗುಡ್ಡಕ್ಕೆ ಬಡಿಯುತ್ತದೆ, ರಾತ್ರಿಯೂ ಫ್ಯಾನು ತಿರುಗುತ್ತದೆ, ಅದೇ ಹೊತ್ತಿಗೆ ಮೋಡ ಕವಿದು ಸೋಲಾರ್ ಸಪ್ಪೆಯಾಗಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಆಡಿದರೆ ತಮ್ಮ ಗೆಲ್ಲುತ್ತಾನೆ. ಗಾಳಿಯ ಲೆಕ್ಕ ಬಹಳ ಕಟ್ಟುನಿಟ್ಟು. ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ, ಅರ್ಧಕ್ಕಿಳಿದರೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅದಕ್ಕೇ ಫ್ಯಾನುಗಳು ಗುಡ್ಡದ ನೆತ್ತಿ ಹುಡುಕಿಕೊಂಡು ಹೋಗೋದು. ಮನೆ ತಾರಸಿ ಮೇಲೆ ಪುಟ್ಟ ಫ್ಯಾನು ಹಾಕಿಸುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.

ಆದರೆ ನಿಮ್ಮ ನಿಜವಾದ ಪ್ರಶ್ನೆ ಹೊಲದ್ದು, ಅಲ್ವಾ? ಫ್ಯಾನಿನ ಬುಡದಲ್ಲಿ ಜೋಳ ಬಿತ್ತಬಹುದು. ಸೋಲಾರ್ ಇಡೀ ಹೊಲವನ್ನೇ ಹೊದ್ದುಕೊಳ್ಳುತ್ತದೆ. ಪಾವಗಡದಲ್ಲಿ ಸುಮಾರು 2,000 ಮೆಗಾವ್ಯಾಟ್‌ಗೆ 13,000 ಎಕರೆ ಬೇಕಾಯಿತು. ಅಲ್ಲಿ ಜಮೀನು ಮಾರಲಿಲ್ಲ, ಬಾಡಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರ ಬಿದ್ದು ಬಿದ್ದು ಬೋರ್‌ವೆಲ್ ಬತ್ತಿದ ಊರಿಗೆ ಅದು ಕೆಟ್ಟ ವ್ಯವಹಾರವೇನಲ್ಲ. ಬಾಡಿಗೆ ಬರೋದು ಮಾತ್ರ ಪಹಣಿ ಇದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಇಲ್ಲ. ನಿಮ್ಮದು ಎರೆ ಹೊಲ ಆಗಿದ್ದರೆ ನಾನಂತೂ ಕೊಡುತ್ತಿರಲಿಲ್ಲ. ಕಲ್ಲು ಭೂಮಿ ಆಗಿದ್ದರೆ ತಮ್ಮನ ಮಾತು ಕೇಳಿ.

ಪ್ರಶ್ನೆ: ಇವೆಲ್ಲ ಯಾಕೆ, ನಮಗೆ ಜೋಗ ಇದೆಯಲ್ಲ? ನೀರಿನ ಕರೆಂಟೇ ಎಲ್ಲಕ್ಕಿಂತ ಅಗ್ಗ.
– ಓದುಗರು, ದಾವಣಗೆರೆ

ಉತ್ತರ: ಸಂಜೆ ಏಳು ಗಂಟೆಗೆ ಸೂರ್ಯ ಮುಳುಗಿ, ಊರೆಲ್ಲ ಲೈಟು ಟಿವಿ ಹಾಕಿದಾಗ ನಿಮಿಷಗಳಲ್ಲಿ ಕೈಗೆ ಬರೋದು ನೀರಿನ ಕರೆಂಟೇ, ಒಪ್ಪಿದೆ. ಶರಾವತಿ ವಿದ್ಯುದಾಗಾರ ಒಂದೇ 1,035 ಮೆಗಾವ್ಯಾಟ್. ಅಗ್ಗ ಅನ್ನೋದನ್ನು ಮಾತ್ರ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರ ಮುಂದೆ ಹೇಳಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಹಿನ್ನೀರು ದಾಟಲು ಅವರಿಗೆ ಸೇತುವೆ ಸಿಕ್ಕಿದ್ದು 2025ರಲ್ಲಿ. ಅಲ್ಲಿಯವರೆಗೂ ಲಾಂಚೇ ಗತಿ.

ಪ್ರಶ್ನೆ: ತೋಟದ ಮೇಲಿನಿಂದ ಹಳ್ಳ ಇಳಿಯುತ್ತದೆ. ಚಿಕ್ಕ ಟರ್ಬೈನ್ ಹಾಕಲೋ, ಸೋಲಾರ್ ಹಾಕಲೋ?
– ಓದುಗರು, ಮೂಡಿಗೆರೆ

ಉತ್ತರ: ಹಳ್ಳ ಇದ್ದವರು ಪುಣ್ಯವಂತರು! ಮೊದಲು ಒಂದು ಬಕೆಟ್ ತಗೊಂಡು ಹೋಗಿ. 15 ಲೀಟರ್ ಬಕೆಟ್ ಮೂರು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ ಐದು ಲೀಟರ್ ನೀರು ಅಂತ ಲೆಕ್ಕ. ಅದನ್ನು ಪೈಪಿನಲ್ಲಿ 65 ಅಡಿ ಕೆಳಗಿಳಿಸಿದರೆ, ಸೋರಿಕೆ ಉಜ್ಜಾಟ ಎಲ್ಲ ಕಳೆದು, ಸುಮಾರು 500 ವ್ಯಾಟ್ ಸಿಗುತ್ತದೆ. ಇಷ್ಟೇನಾ ಅನ್ನಬೇಡಿ. ಅದು ಹಗಲೂ ರಾತ್ರಿ ಓಡುತ್ತದೆ, ದಿನಕ್ಕೆ 12 ಯೂನಿಟ್. ಒಂದು ಕಿಲೋವ್ಯಾಟ್ ಸೋಲಾರ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಅಂದರೆ ನಿಮ್ಮ ಅರ್ಧ ಕಿಲೋವ್ಯಾಟ್ ಹಳ್ಳ ಮೂರು ಕಿಲೋವ್ಯಾಟ್ ಸೋಲಾರ್‌ಗೆ ಸಮ. ಅದೂ ನಿಮ್ಮ ಕಡೆ ಮಳೆಗಾಲದಲ್ಲಿ, ಮರ ಬಿದ್ದು ಲೈನು ಹರಿದು ವಾರಗಟ್ಟಲೆ ಕರೆಂಟಿಲ್ಲದಾಗ. ಎಲೆ ಕಸ ಜಾಲರಿಗೆ ಸಿಕ್ಕಿಕೊಳ್ಳುತ್ತೆ, ಸುರಿಯೋ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಹೋಗಿ ತೆಗೆಯೋದು ನೀವೇ. ಬೇಸಿಗೆಗೆ ಹಳ್ಳ ಬತ್ತುವುದಾದರೆ ಆಗಿನ ಪೂರ್ತಿಗೆ ಎರಡು ಪ್ಯಾನೆಲ್ ಇಟ್ಟುಕೊಳ್ಳಿ, ಬ್ಯಾಟರಿ ಹೇಗೂ ಒಂದೇ ಸಾಕು.

ಪ್ರಶ್ನೆ: ಸಬ್ಸಿಡಿ ಇದೆಯಂತೆ, ತಾರಸಿ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋಗೋ ಕಾಟ ತಪ್ಪುತ್ತಾ? ತಿಂಗಳಿಗೆ 90 ಯೂನಿಟ್ ಬಳಸುತ್ತೇವೆ.
– ಓದುಗರು, ತುಮಕೂರು

ಉತ್ತರ: ತಪ್ಪೋದಿಲ್ಲ! ನಾನೇ ಮೋಸ ಹೋಗಿದ್ದೇನೆ. ಹಾಕಿಸಿದ ವಾರದಲ್ಲೇ ನಡುಮಧ್ಯಾಹ್ನ ಲೈನು ಹೋಯಿತು, ಮೇಲೆ ಸುಡು ಬಿಸಿಲು, ಕೆಳಗೆ ಮಿಕ್ಸಿ ಬಂದ್. ಫಿಟ್ಟಿಂಗ್ ಮಾಡಿದ ಪುಣ್ಯಾತ್ಮ ಒಂದು ಮಾತು ಹೇಳಿರಲಿಲ್ಲ. ಲೈನಿಗೆ ಜೋಡಿಸಿದ ಸೋಲಾರ್, ಲೈನು ಸತ್ತರೆ ತಾನೂ ನಿಲ್ಲಲೇಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮನೆ ಕರೆಂಟೇ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಜಾಸ್ತಿ. ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ಗೆ 60,000, ಮೂರಕ್ಕೆ 78,000 ರೂಪಾಯಿ ಸಬ್ಸಿಡಿ ಇರೋದು ನಿಜ. ಆದರೆ 90 ಯೂನಿಟ್ ಬಳಸುವ ನಿಮಗೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಇರಬೇಕಲ್ಲ? ಸೊನ್ನೆಯಲ್ಲಿ ಏನು ಉಳಿಸುತ್ತೀರಿ? ಲೈಟಿಗೂ ಫ್ಯಾನಿಗೂ ಸಾಮಾನ್ಯ ಇನ್ವರ್ಟರ್ ಸಾಕು.

ಪ್ರಶ್ನೆ: ಎರಡು ಹಸು ಇವೆ. ಗೋಬರ್ ಗ್ಯಾಸ್ ಆಗುತ್ತಾ?
– ಓದುಗರು, ಶಿರಸಿ

ಉತ್ತರ: ಆಗುತ್ತದೆ. ಒಂದು ಘನ ಮೀಟರ್ ಗ್ಯಾಸಿಗೆ ದಿನಕ್ಕೆ 25 ಕಿಲೋ ಸಗಣಿ ಬೇಕು, ಎರಡು ದೊಡ್ಡ ಹಸು ಕೊಟ್ಟಿಗೆಯಲ್ಲೇ ಇದ್ದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಅದು ಸುಮಾರು 430 ಗ್ರಾಂ ಸಿಲಿಂಡರ್ ಗ್ಯಾಸಿಗೆ ಸಮ. ಹಗಲೆಲ್ಲ ಬೆಟ್ಟಕ್ಕೆ ಮೇಯಲು ಬಿಡುವುದಾದರೆ ಸಗಣಿ ಅಲ್ಲೇ ಉಳಿಯುತ್ತದೆ, ಆಗ ಗುಂಡಿ ತೋಡಿಸಬೇಡಿ.